ಅಲ್ಗಾರಿದಂ ಸಂಶೋಧಕರಿಗೆ ಹುದ್ದೆ ಸಿಗುವ ದಾರಿ

ಒಂದು ಸಮಸ್ಯೆಯನ್ನು ಬಿಡಿಸಲು ಗಣಕಯಂತ್ರ ಒಂದಾದ ಮೇಲೊಂದರಂತೆ ಇಡಬೇಕಾದ ಹೆಜ್ಜೆಗಳ ನಿಶ್ಚಿತ ಕ್ರಮಕ್ಕೆ ಅಲ್ಗಾರಿದಂ ಎಂದು ಹೆಸರು. ಇಂಥ ಕ್ರಮಗಳನ್ನು ರೂಪಿಸಿ, ಅವು ಬೇಡುವ ಸಮಯವನ್ನು ಅಳೆದು, ಕೆಲವು ಸಮಸ್ಯೆಗಳಿಗೆ ವೇಗದ ಕ್ರಮವೇ ಇರಲಾರದೆಂದು ಸಾಧಿಸಲು ಯತ್ನಿಸುವ ಶಾಸ್ತ್ರವನ್ನು ಸೈದ್ಧಾಂತಿಕ ಗಣಕ ವಿಜ್ಞಾನ ಎನ್ನುತ್ತಾರೆ. ಈ ಕ್ಷೇತ್ರದ ವಿಶ್ವವಿದ್ಯಾಲಯ ಹುದ್ದೆಗಳಿಗೆ ಜಾಹೀರಾತು ಬರುತ್ತದೆ, ಅರ್ಜಿಯನ್ನೂ ಕರೆಯುತ್ತಾರೆ. ಆದರೆ ಜಾಹೀರಾತು ಹೊರಬೀಳುವ ಹೊತ್ತಿಗೆ ಅಭ್ಯರ್ಥಿಯ ಕೆಲಸವನ್ನು ಓದಿ ಬಲ್ಲವರು ನಾಲ್ಕಾರು ಜನ ಆಗಲೇ ಇರಬೇಕಾಗುತ್ತದೆ.

ಭಾರತದಲ್ಲಿ ಮೊದಲ ಮೆಟ್ಟಿಲು ಕಿರಿಯ ಸಂಶೋಧನಾ ಫೆಲೋ, ಅಂದರೆ ಜೆಆರ್‌ಎಫ್, ಹುದ್ದೆ. ಪ್ರಾಧ್ಯಾಪಕರೊಬ್ಬರ ಯೋಜನೆಗೆ ಸರ್ಕಾರದ ಅನುದಾನ ದೊರೆತಾಗ ಗೇಟ್ ಅಥವಾ ನೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ಇದಕ್ಕೆ ಆರಿಸುವುದು ವಾಡಿಕೆ. ಇದರ ಮಾಸಿಕ ವೇತನವನ್ನು ಕೇಂದ್ರ ಸರ್ಕಾರ 2023ರಲ್ಲಿ 31,000 ರೂಪಾಯಿಯಿಂದ 37,000ಕ್ಕೆ ಏರಿಸಿತು. ಮುಂದಿನದು ಪಿಎಚ್‌ಡಿ, ಅದರ ನಂತರ ಪೋಸ್ಟ್‌ಡಾಕ್ ಎಂಬ ಒಂದರಿಂದ ಮೂರು ವರ್ಷದ ತಾತ್ಕಾಲಿಕ ಸಂಶೋಧನಾ ಹುದ್ದೆ, ಕೊನೆಗೆ ಅಧ್ಯಾಪಕ ಹುದ್ದೆ.

ಆಯ್ಕೆಯ ನಿಜವಾದ ತಿರುಳಿರುವುದು ಶಿಫಾರಸು ಪತ್ರಗಳಲ್ಲಿ. ಬೇರೆ ಹಲವು ವಿಜ್ಞಾನಗಳಲ್ಲಿ ಪ್ರಬಂಧದ ಮೊದಲ ಹೆಸರು ಹೆಚ್ಚು ದುಡಿದವರದಾದರೆ, ಇಲ್ಲಿ ಲೇಖಕರ ಹೆಸರುಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕಾರಾದಿಯಲ್ಲಿರುತ್ತವೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂಬುದನ್ನು ಸಂಭವನೀಯತೆಯ ನೆರವಿಲ್ಲದೆ, ಖಚಿತವಾಗಿ, ವೇಗವಾಗಿ ನಿರ್ಧರಿಸುವ ಕ್ರಮವನ್ನು 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಕಂಡುಹಿಡಿದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರ ಹೆಸರುಗಳು ಇದೇ ಅಕ್ಷರಕ್ರಮದಲ್ಲಿದ್ದು, ಆ ಶೋಧಕ್ಕೆ ಎಕೆಎಸ್ ಪರೀಕ್ಷೆ ಎಂಬ ಹೆಸರೂ ಅದರಿಂದಲೇ ಬಂತು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್. ಮುಗಿಸಿದ್ದರು. ಯಾರು ಹಿರಿಯರು, ಯಾರು ಕಿರಿಯರು, ಯಾವ ಹೊಳಹು ಯಾರದು ಎಂಬುದನ್ನು ಹೆಸರುಗಳ ಸಾಲು ಹೇಳುವುದಿಲ್ಲ. ಸಹಕಾರಕ್ಕೆ ಇದು ಬಹಳ ಒಳ್ಳೆಯ ಪದ್ಧತಿ. ಆದರೆ ವೆಂಕಟೇಶ ಎಂಬ ಉಪನಾಮದ ಯುವಕ ಸದಾ ಕೊನೆಯಲ್ಲಿ ನಿಂತಾಗ, ಬೇರೆ ವಿಭಾಗದಿಂದ ಬಂದ ಆಯ್ಕೆ ಸಮಿತಿಯ ಸದಸ್ಯರು ತಪ್ಪು ತಿಳಿಯುವ ಸಂಭವವೂ ಉಂಟು. ಸಾಧನೆಯ ಕಠಿಣವಾದ ನಡುಭಾಗವನ್ನು ದಾಟಿಸಿದ್ದು ಈ ಅಭ್ಯರ್ಥಿಯೇ ಎಂದು ಸಹಲೇಖಕರು ಬರೆಯುವ ಒಂದು ವಾಕ್ಯ ಹತ್ತು ಅಂಕಪಟ್ಟಿಗಳಿಗಿಂತ ತೂಕದ್ದಾಗುವುದು ಈ ಕಾರಣಕ್ಕೆ.

ಅಂಥ ಪತ್ರ ಬರೆಯಬಲ್ಲವರ ಪರಿಚಯ ಬೆಳೆಯುವುದು ಸಮ್ಮೇಳನಗಳಲ್ಲಿ. ಗಣಕ ವಿಜ್ಞಾನದಲ್ಲಿ ಸಮ್ಮೇಳನದ ಪ್ರಬಂಧಕ್ಕೆ ನಿಯತಕಾಲಿಕದ ಲೇಖನದಷ್ಟೇ, ಎಷ್ಟೋ ವೇಳೆ ಅದಕ್ಕೂ ಹೆಚ್ಚಿನ, ಮಾನ್ಯತೆಯಿದೆ. ಅಮೆರಿಕದ ಸ್ಟಾಕ್ ಸಮ್ಮೇಳನ 1969ರಿಂದ ನಡೆಯುತ್ತಿದ್ದರೆ, ಭಾರತದ ಎಫ್‌ಎಸ್‌ಟಿಟಿಸಿಎಸ್ 1981ರಲ್ಲಿ ಆರಂಭವಾಗಿ ಡಿಸೆಂಬರ್‌ನಲ್ಲಿ ಸೇರುತ್ತ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳ ವಿದ್ಯಾರ್ಥಿಗಳು ಅಲ್ಲಿ ಪ್ರಬಂಧ ಮಂಡಿಸುವಾಗ ಮುಂದೆ ಅವರನ್ನು ಪೋಸ್ಟ್‌ಡಾಕ್‌ಗೆ ಕರೆಯಬಲ್ಲವರೇ ಕೇಳುಗರಾಗಿ ಕುಳಿತಿರಬಹುದು.

ಕಾಲದ ಲೆಕ್ಕವನ್ನಂತೂ ಮರೆಯುವಂತಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್‌ಗಳಲ್ಲಿ ಅರ್ಜಿ ಪಡೆದು, ವಸಂತದಲ್ಲಿ ಸಂದರ್ಶನ ಮುಗಿಸಿ, ಮುಂದಿನ ಶರತ್ಕಾಲಕ್ಕೆ ನೇಮಿಸಿಕೊಳ್ಳುತ್ತವೆ. ಪಿಎಚ್‌ಡಿ ಪ್ರಬಂಧವನ್ನು ಜೂನ್‌ನಲ್ಲಿ ಒಪ್ಪಿಸಿ ಆಮೇಲೆ ಹುದ್ದೆ ಹುಡುಕಹೊರಟವರಿಗೆ ಆ ವರ್ಷದ ಬಾಗಿಲು ಅಷ್ಟರಲ್ಲೇ ಮುಚ್ಚಿರುತ್ತದೆ.