ಹಳೆಯ ಕೊಂಡಿಗೆ ಹೊಸ ವಿಳಾಸ

ಆನ್‌ಲೈನ್ ಅಂಗಡಿಯನ್ನು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಸರಕಿನ ವಿವರ, ಚಿತ್ರ, ಬೆಲೆ, ಗಿರಾಕಿಗಳ ಮಾಹಿತಿ ಎಲ್ಲವನ್ನೂ ಒಯ್ಯಬಹುದು. ಪುಟಗಳ ವಿಳಾಸ ಮಾತ್ರ ಹಾಗೆಯೇ ಬರುವುದಿಲ್ಲ. ವೂಕಾಮರ್ಸ್‌ನಿಂದ ಶಾಪಿಫೈಗೆ ಹೋಗುವ ಅಂಗಡಿಯನ್ನೇ ತೆಗೆದುಕೊಳ್ಳೋಣ. ವೂಕಾಮರ್ಸ್‌ನಲ್ಲಿ ಸರಕಿನ ಪುಟದ ವಿಳಾಸ ಸಾಮಾನ್ಯವಾಗಿ ‘/ಪ್ರಾಡಕ್ಟ್/ಫಿಲ್ಟರ್-ಕಾಫಿ’ ಎಂಬ ಮಾದರಿಯಲ್ಲಿರುತ್ತದೆ. ಶಾಪಿಫೈನಲ್ಲಿ ಅದು ‘/ಪ್ರಾಡಕ್ಟ್ಸ್/ಫಿಲ್ಟರ್-ಕಾಫಿ’ ಆಗುತ್ತದೆ. ವಿಭಾಗಗಳು ‘ಪ್ರಾಡಕ್ಟ್-ಕೆಟಗರಿ’ ಬಿಟ್ಟು ‘ಕಲೆಕ್ಷನ್ಸ್’ ಕೆಳಗೆ ಬರುತ್ತವೆ. ಈ ಮಾದರಿಯನ್ನು ಅಂಗಡಿಯವರು ಬದಲಿಸಿಕೊಳ್ಳುವಂತಿಲ್ಲ. ಒಂದು ‘ಎಸ್’ ಹೆಚ್ಚಾದರೂ ಸಾಕು, ಹಳೆಯ ಕೊಂಡಿ ಒತ್ತಿದವರಿಗೆ ಸಿಗುವುದು 404, ಅಂದರೆ ‘ಪುಟ ಸಿಗಲಿಲ್ಲ’.

ಗೂಗಲ್ ಹುಡುಕಾಟದಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ, ಪೊಟ್ಟಣದ ಮೇಲೆ ಅಚ್ಚಾದ ಕ್ಯೂಆರ್ ಕೋಡ್‌ನಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ. ಅವನ್ನೆಲ್ಲ ಹುಡುಕಿ ತಿದ್ದಲು ಆಗದು. ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸ ಪುಟಕ್ಕೆ ಕಳಿಸುವ ಏರ್ಪಾಡೇ ರೀಡೈರೆಕ್ಟ್.

301 ಮತ್ತು 302

ಬ್ರೌಸರ್ ಪುಟ ಕೇಳಿದಾಗ ಸರ್ವರ್ ಒಂದು ಸಂಖ್ಯೆಯ ಜೊತೆ ಉತ್ತರ ಕೊಡುತ್ತದೆ. 301 ಎಂದರೆ ಪುಟ ಶಾಶ್ವತವಾಗಿ ಸ್ಥಳ ಬದಲಿಸಿದೆ. 302 ಎಂದರೆ ಸದ್ಯಕ್ಕೆ ಮಾತ್ರ. ಅಂಗಡಿಯನ್ನೇ ಸಾಗಿಸಿದಾಗ ಬೇಕಾದದ್ದು 301. ಹಳೆಯ ಪುಟ ಹುಡುಕಾಟದಲ್ಲಿ ಗಳಿಸಿದ್ದ ಸ್ಥಾನವನ್ನು ಹೊಸದಕ್ಕೆ ದಾಟಿಸಲು ಗೂಗಲ್‌ಗೆ ಇದು ಬಲವಾದ ಸೂಚನೆ. ಆದರೆ ಬ್ರೌಸರ್‌ಗಳು 301 ಅನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ತಪ್ಪು ಪುಟಕ್ಕೆ ಕಳಿಸಿದರೆ, ತಿದ್ದಿದ ಮೇಲೂ ಕೆಲವರು ಅಲ್ಲಿಗೇ ಹೋಗುತ್ತಿರಬಹುದು.

ಮೊದಲು ಪಟ್ಟಿ

ಹಳೆಯ ಅಂಗಡಿ ನಡೆಯುತ್ತಿರುವಾಗಲೇ ಅದರ ಎಲ್ಲ ವಿಳಾಸಗಳನ್ನು ಕಲೆಹಾಕಬೇಕು. ಸೈಟ್‌ಮ್ಯಾಪ್, ಸರಕಿನ ಪಟ್ಟಿ, ಗೂಗಲ್ ಸರ್ಚ್ ಕನ್ಸೋಲ್‌ನ ವರದಿ, ಈ ಮೂರನ್ನೂ ಸೇರಿಸಿದರೆ ಬಿಟ್ಟುಹೋಗುವುದು ಕಡಿಮೆ. ಸ್ಪ್ರೆಡ್‌ಶೀಟ್‌ನ ಒಂದು ಕಾಲಂನಲ್ಲಿ ಹಳೆಯದು, ಪಕ್ಕದಲ್ಲಿ ಹೊಸದು. ಹೆಚ್ಚು ಜನ ಬರುವ ಪುಟಗಳನ್ನು ಕೈಯಾರೆ ಹೊಂದಿಸಿ. ಮಾರಾಟ ನಿಲ್ಲಿಸಿದ ಸರಕಿಗೆ ಹತ್ತಿರದ ಬದಲಿ ಸರಕನ್ನೋ ಅದರ ವಿಭಾಗವನ್ನೋ ತೋರಿಸಿ. ಬದಲಿಯೇ ಇಲ್ಲದಿದ್ದರೆ 404 ಇರಲಿ.

ಕನ್ನಡದಲ್ಲೇ ವಿಳಾಸ ಇಟ್ಟವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಸರ್ವರ್‌ಗೆ ಹೋಗುವಾಗ ಕನ್ನಡ ಅಕ್ಷರಗಳು ಶೇಕಡಾ ಚಿಹ್ನೆಗಳ ಸಂಕೇತವಾಗುತ್ತವೆ. ‘ಕಾಫಿ’ ಎಂಬ ಎರಡಕ್ಷರದ ಪದ 36 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಪಟ್ಟಿಯಲ್ಲಿ ಅದೇ ವಿಳಾಸ ಒಂದೆಡೆ ಕನ್ನಡದಲ್ಲಿ, ಇನ್ನೊಂದೆಡೆ ಸಂಕೇತದಲ್ಲಿ ಇದ್ದರೆ ಎರಡು ಪುಟವೆಂದು ಭ್ರಮೆಯಾಗುತ್ತದೆ.

ನಿಯಮ ಎಲ್ಲಿರಬೇಕು?

ಡೊಮೇನ್ ಹೆಸರು ಹಳೆಯದೇ ಆಗಿದ್ದರೆ ಅದೀಗ ಶಾಪಿಫೈ ಕಡೆಗೆ ತಿರುಗಿರುತ್ತದೆ. ಹಳೆಯ ಸರ್ವರ್‌ಗೆ ಯಾರೂ ಹೋಗುವುದೇ ಇಲ್ಲ, ಅಲ್ಲಿ ಬರೆದ ನಿಯಮ ವ್ಯರ್ಥ. ಆದ್ದರಿಂದ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಶಾಪಿಫೈಗೇ ಏರಿಸಬೇಕು. ಹಳೆಯ ವಿಳಾಸದಲ್ಲಿ ಪುಟ ಇನ್ನೂ ತೆರೆಯುತ್ತಿದ್ದರೆ ಅಲ್ಲಿ ರೀಡೈರೆಕ್ಟ್ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಡೊಮೇನ್ ಹೆಸರೇ ಬದಲಾಗಿದ್ದರೆ ಹಳೆಯ ಹೆಸರನ್ನು ಕೈಬಿಡಬಾರದು, ಅದರ ನವೀಕರಣ ಶುಲ್ಕ ಕಟ್ಟುತ್ತಲೇ ಇರಬೇಕು. ಆಗ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆಯನ್ನೂ ತಿಳಿಸಬೇಕು.

ಸಾಮಾನ್ಯ ತಪ್ಪುಗಳು

ಎಲ್ಲ ಹಳೆಯ ಕೊಂಡಿಗಳನ್ನೂ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವುದು ಮೊದಲನೆಯದು. ಕಾಫಿಪುಡಿ ಹುಡುಕಿ ಬಂದವರು ಮುಖಪುಟದಲ್ಲಿ ಮತ್ತೆ ಮೊದಲಿಂದ ಹುಡುಕಬೇಕು. ಗೂಗಲ್ ಕೂಡ ಇಂಥದ್ದನ್ನು ‘ಪುಟ ಇಲ್ಲ’ ಎಂದೇ ಎಣಿಸಬಹುದು. ಎರಡನೆಯದು ಸರಪಳಿ: ಮೊದಲ ವಿಳಾಸದಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಪ್ರತಿ ಜಿಗಿತಕ್ಕೂ ಸಮಯ ಹಿಡಿಯುತ್ತದೆ. ಗೂಗಲ್‌ನ ಬಾಟ್ 10 ಜಿಗಿತಗಳವರೆಗೆ ಹಿಂಬಾಲಿಸಬಲ್ಲದು, ಆದರೂ ನೇರವಾಗಿ ಕೊನೆಯ ಪುಟಕ್ಕೇ ಕಳಿಸುವುದು ಸರಿ. ಎರಡು ಪುಟಗಳು ಒಂದನ್ನೊಂದು ತೋರಿಸಿಕೊಂಡರಂತೂ ಬ್ರೌಸರ್ ಸುತ್ತಿ ಸುತ್ತಿ ಕೈಚೆಲ್ಲುತ್ತದೆ.

ಹೊಸ ಅಂಗಡಿ ತೆರೆದ ದಿನವೇ ಮುಖ್ಯ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ. ನಂತರದ ವಾರಗಳಲ್ಲಿ ಸರ್ಚ್ ಕನ್ಸೋಲ್‌ನ 404 ವರದಿ ಗಮನಿಸಿ, ಬಿಟ್ಟುಹೋದವನ್ನು ಸೇರಿಸಿ. ಈ ನಿಯಮಗಳನ್ನು ಕನಿಷ್ಠ 1 ವರ್ಷ ಉಳಿಸಿಕೊಳ್ಳಬೇಕೆಂಬುದು ಗೂಗಲ್‌ನ ಸಲಹೆ. ಪೊಟ್ಟಣದ ಮೇಲೆ ಕೋಡ್ ಅಚ್ಚು ಹಾಕಿಸಿದವರು ಅವನ್ನು ತೆಗೆಯದಿರುವುದೇ ಲೇಸು.