ನೆಲದಡಿಯ ಕುಬ್ಜ ಪಂಡಿತ

ಮೊಣಕಾಲೆತ್ತರದ ಮುದುಕ. ಗುಡ್ಡದ ಒಡಲಿನ ಗುಹೆಯಲ್ಲಿ ಒಬ್ಬನೇ ಕುಳಿತು ಮಂತ್ರವಿದ್ಯೆಯ ಹೊತ್ತಗೆಗಳನ್ನು ತಿರುವಿ ಹಾಕುತ್ತಾನೆ. ಮನುಷ್ಯರ ಸುಳಿವು ಸಿಕ್ಕರೆ ಮರೆಯಾಗುತ್ತಾನೆ. ಪಾಶ್ಚಾತ್ಯರ ಅದ್ಭುತ ಕಥೆಗಳಲ್ಲಿ, ಕಂಪ್ಯೂಟರ್ ಆಟಗಳಲ್ಲಿ ಮತ್ತೆ ಮತ್ತೆ ಎದುರಾಗುವ ಈ ಕುಳ್ಳ ಪಂಡಿತನ ಕುಲದ ಹೆಸರು ‘ನೋಮ್’. ಅಜ್ಜಿಕಥೆಯಿಂದ ಎದ್ದು ಬಂದವನಂತೆ ಕಂಡರೂ ಆ ಹೆಸರನ್ನು ಬಳಕೆಗೆ ತಂದವನು ಒಬ್ಬ ವೈದ್ಯ.

ಆತನೇ ಪ್ಯಾರಾಸೆಲ್ಸಸ್. ಹದಿನೈದನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಆಸ್ಟ್ರಿಯಾದ ಗಣಿಸೀಮೆಯಲ್ಲಿ ಬೆಳೆದವನು. ತಂದೆಯೂ ವೈದ್ಯ. 1527ರಲ್ಲಿ ಬಾಸೆಲ್ ನಗರದ ವೈದ್ಯನಾದಾಗ, ಪಂಡಿತರ ಲ್ಯಾಟಿನ್ ಬಿಟ್ಟು ಜನರಾಡುವ ಜರ್ಮನ್‌ನಲ್ಲಿ ಪಾಠ ಹೇಳಿದ. ಹಳೆಯ ವೈದ್ಯಗ್ರಂಥವೊಂದನ್ನು ಬಹಿರಂಗವಾಗಿ ಬೆಂಕಿಗೆ ಹಾಕಿದ. ಮರುವರ್ಷವೇ ಊರು ಬಿಡಬೇಕಾಯಿತು. ಆಮೇಲಿನದೆಲ್ಲ ಅಲೆದಾಟದ ಬದುಕು. 1541ರಲ್ಲಿ ಸಾಲ್ಸ್‌ಬರ್ಗಿನಲ್ಲಿ ತೀರಿಕೊಂಡ.

ಅವನು ಸತ್ತು ಇಪ್ಪತ್ತೈದು ವರ್ಷದ ಮೇಲೆ, 1566ರಲ್ಲಿ, ಪಂಚಭೂತಗಳಂಥ ನಾಲ್ಕು ಮೂಲವಸ್ತುಗಳಲ್ಲಿ ವಾಸಿಸುವ ಜೀವಿಗಳನ್ನು ಕುರಿತ ಅವನ ಪುಸ್ತಕ ಅಚ್ಚಾಯಿತು. ನೀರಿಗೆ ನಿಂಫ್, ಗಾಳಿಗೆ ಸಿಲ್ಫ್, ಬೆಂಕಿಗೆ ಸ್ಯಾಲಮಾಂಡರ್, ಮಣ್ಣಿಗೆ ನೋಮ್. ಈ ಮಣ್ಣಿನ ಜೀವಿಗಳ ಎತ್ತರ ಎರಡು ಗೇಣು. ಮೀನು ನೀರಿನಲ್ಲಿ ಸುಳಿಯುವಂತೆ ಅವು ಬಂಡೆಯೊಳಗೆ ಸುಳಿಯುತ್ತವೆ. ಮನುಷ್ಯರ ಸಹವಾಸ ಒಲ್ಲವು. ನಮ್ಮಲ್ಲೂ ನಿಧಿಗೆ ಯಕ್ಷರ ಕಾವಲುಂಟು, ಅವರೊಡೆಯ ಕುಬೇರನೂ ಕುಳ್ಳನೇ.

ಈ ಕಲ್ಪನೆಯ ಹಿಂದೆ ಗಣಿಗಾರರ ಭಯವಿತ್ತು. ಬೆಳ್ಳಿಯಂತೆ ಹೊಳೆದ ಅದಿರು ಕಾಯಿಸಿದರೆ ಬೆಳ್ಳಿ ಬಾರದು. ಬದಲಿಗೆ ಪಾಷಾಣದ ವಿಷದ ಹೊಗೆ ಏಳುತ್ತಿತ್ತು. ‘ಕೋಬೋಲ್ಡ್’ ಎಂಬ ಕುಚೇಷ್ಟೆಯ ಕುಬ್ಜಭೂತ ಬೆಳ್ಳಿ ಕದ್ದು ವಿಷವಿಟ್ಟಿದೆ ಎಂದೇ ಜರ್ಮನ್ ಗಣಿಗಾರರು ನಂಬಿದರು. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಗೇಯಾರ್ಗ್ ಬ್ರಾಂಟ್ ಆ ಅದಿರಿನಲ್ಲಿ ಹೊಸ ಲೋಹವನ್ನೇ ಕಂಡುಕೊಂಡಾಗ ಭೂತದ ಹೆಸರೇ ಅದಕ್ಕೆ ಉಳಿಯಿತು: ಕೋಬಾಲ್ಟ್. 1751ರಲ್ಲಿ ಗುರುತಿಸಿದ ನಿಕಲ್‌ಗೂ ಇಂಥದೇ ಕಿಡಿಗೇಡಿ ಭೂತದ ಹೆಸರಿದೆ.

ಪ್ಯಾರಾಸೆಲ್ಸಸನ ಹೆಚ್ಚುಗಾರಿಕೆ ಇರುವುದು ಇಲ್ಲೇ. ಭೂಮಿಯೊಳಗಿನ ಜೀವಿಗಳನ್ನು ನಂಬಿದವನು ಗಣಿಗಾರರ ಸಾವಿನ ಹೊಣೆಯನ್ನು ಅವುಗಳ ತಲೆಗೆ ಕಟ್ಟಲಿಲ್ಲ. 1567ರಲ್ಲಿ ಅಚ್ಚಾದ ಅವನ ಮತ್ತೊಂದು ಪುಸ್ತಕ ಗಣಿಗಾರರ ಎದೆರೋಗವನ್ನು ಕುರಿತದ್ದು. ರೋಗ ಬರುವುದು ಲೋಹಗಳ ಆವಿಯನ್ನು ಉಸಿರಾಡುವುದರಿಂದ ಎಂದು ಅದು ಹೇಳಿತು. ಒಂದು ಕಸುಬಿನಿಂದ ಬರುವ ಕಾಯಿಲೆಗೇ ಮೀಸಲಾದ ಮೊದಲ ಗ್ರಂಥವೆಂದು ಅದಕ್ಕೆ ಹೆಸರಿದೆ.

ನೋಮ್ ಮಾತ್ರ ಗಣಿ ಬಿಟ್ಟು ಹೊರಟ. 1714ರಲ್ಲಿ ಇಂಗ್ಲಿಷ್ ಕವಿ ಪೋಪನ ಹಾಸ್ಯಕಾವ್ಯದಲ್ಲಿ ಪಾತ್ರವಾದ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ಇಂಗ್ಲೆಂಡಿಗೆ ಹೋಗಿ ಸಿರಿವಂತರ ತೋಟದ ಗೊಂಬೆಯಾದ. 1978ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಕೈಪಿಡಿ ಅವನಿಗೆ ಕಣ್ಕಟ್ಟಿನ ವಿದ್ಯೆ ಕಲಿಯುವ ಅವಕಾಶ ಕೊಟ್ಟಿತು. ಗುಹೆಯ ಏಕಾಂತವಾಸಿ ಹೀಗೆ ಮಂತ್ರಪಂಡಿತನಾದ. ಗುಟ್ಟನ್ನು ಬಲ್ಲವನು ಗುಂಪಿನಿಂದ ದೂರ ಇರುತ್ತಾನೆಂಬ ಹಳೆಯ ನಂಬಿಕೆಗೆ ಅವನು ಚೆನ್ನಾಗಿ ಒಗ್ಗಿದ.

ಇಂದು ಅವನನ್ನು ಮೊಬೈಲ್ ಪರದೆಯ ಮೇಲೆ ಕುಣಿಸುವ ಎಷ್ಟೋ ಬ್ಯಾಟರಿಗಳಲ್ಲಿ ಅದೇ ಕೋಬಾಲ್ಟ್ ಇದೆ. ಜಗತ್ತಿನ ಅರ್ಧಕ್ಕೂ ಹೆಚ್ಚು ಕೋಬಾಲ್ಟ್ ಬರುವುದು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ. ಅಲ್ಲಿ ಕೈಯಲ್ಲೇ ಅಗೆಯುವ ಬಡವರು ಈಗಲೂ ಅದರ ಧೂಳು ಕುಡಿಯುತ್ತಾರೆ. ಭೂತದ ಮೇಲೆ ಹೊರೆ ಹಾಕುವವರು ಈಗ ಯಾರೂ ಇಲ್ಲ. ಐದು ಶತಮಾನದ ಹಿಂದೆ ಆ ವೈದ್ಯ ಎತ್ತಿದ ಪ್ರಶ್ನೆ ಮಾತ್ರ ಇನ್ನೂ ಗಣಿಯ ಬಾಯಲ್ಲೇ ನಿಂತಿದೆ.