ನಿಮಗಿದು ಗೊತ್ತೆ? ಕಲ್ಯಾಣದ ಅಡುಗೆ, ಬಾಣಲೆಯ ಕೋಳಿ

ಮಾಂಸದಡುಗೆಯ ಬಗ್ಗೆ ವಿವರವಾಗಿ ಬರೆದ ನಮ್ಮ ಹಳೆಯ ಗ್ರಂಥಗಳಲ್ಲೊಂದು ಇಂದಿನ ಬಸವಕಲ್ಯಾಣದಿಂದ ಆಳಿದ ದೊರೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಅನ್ನಭೋಗ’ ಎಂಬ ಭಾಗವೇ ಇದೆ. ಆದರೆ ಅರಸನ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿಯೂ ಇರಲಿಲ್ಲ, ಟೊಮೆಟೊವೂ ಇರಲಿಲ್ಲ. ಎರಡೂ ಅಮೆರಿಕ ಖಂಡದವು, ಬಂದದ್ದು ಶತಮಾನಗಳ ನಂತರ. ಖಾರಕ್ಕೆ ಕರಿಮೆಣಸು, ಶುಂಠಿಯಂಥವೇ ಗತಿ.

ಅದೇ ಮಸಾಲೆಯಲ್ಲಿ ಇಂದು ಬಸವಕಲ್ಯಾಣ, ಹುಮನಾಬಾದಿನ ಮನೆಗಳಲ್ಲಿ ಅರ್ಧ ಗಂಟೆಯೊಳಗೆ ರಾತ್ರಿಯೂಟ ಸಿದ್ಧ ಮಾಡಬಹುದು. ಚರ್ಮ ತೆಗೆದ ಕೋಳಿಯ ಎದೆಮಾಂಸವನ್ನು ಸಣ್ಣ ತುಂಡು ಮಾಡಿ, ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೆ ಹಾಕಿ. ಒಂದೇ ಸಲ ಎಲ್ಲವನ್ನೂ ಸುರಿದರೆ ನೀರು ಬಿಟ್ಟು ಬೇಯುತ್ತದೆಯೇ ಹೊರತು ಕೆಂಪಗಾಗದು; ಆ ಬಣ್ಣ, ಘಮ ಬರಲು ಮೇಲ್ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ತುಂಡು ತೆಗೆದಿಟ್ಟು ಅದೇ ಬಾಣಲೆಗೆ ಉಳ್ಳಾಗಡ್ಡಿ, ಗಜ್ಜರಿ, ಬೀನ್ಸ್, ಕೊನೆಗೆ ಮೆಂತ್ಯ ಸೊಪ್ಪು. ಮತ್ತೆ ಕೋಳಿ, ಜೊತೆಗೆ ಕರಿಮೆಣಸು, ಶುಂಠಿ ಸೇರಿಸಿ ಮುಚ್ಚಿಡಿ. ಜೋಳದ ರೊಟ್ಟಿ ಜೊತೆಗಿದ್ದರೆ ಬೇರೆ ಪಲ್ಯ ಬೇಡ.

100 ಗ್ರಾಂ ಬೆಂದ ಎದೆಮಾಂಸದಲ್ಲಿ ಸುಮಾರು 31 ಗ್ರಾಂ ಪ್ರೋಟೀನ್, ಕೊಬ್ಬು 4 ಗ್ರಾಂಗಿಂತ ಕಡಿಮೆ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವ ರೂಢಿ ಮಾತ್ರ ಬಿಡುವುದು ಒಳಿತು: ಸಿಡಿಯುವ ಹನಿಗಳಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಪಕ್ಕದ ಪಾತ್ರೆಗೂ ಸೊಪ್ಪಿಗೂ ಹರಡುತ್ತದೆ. ಅವುಗಳನ್ನು ಕೊಲ್ಲುವುದು ನೀರಲ್ಲ, ತುಂಡಿನ ಒಳಭಾಗ 74 ಡಿಗ್ರಿ ಮುಟ್ಟುವ ಬಿಸಿ.